ಪಿತ್ತಕೋಶದ ಪಾಲು

ಮನೆ ಪಾಲಾಗಿ ಎರಡನೆಯ ವರ್ಷ ನಡೆಯುತ್ತಿತ್ತು. ಒಲೆ ಬೇರೆ, ಕರೆಂಟಿನ ಮೀಟರು ಬೇರೆ, ಮುಂಬಾಗಿಲು ಬೇರೆ. ಜಗಳ ಮಾತ್ರ ಇನ್ನೂ ಜಂಟಿಯಾಗಿಯೇ ಇತ್ತು. ಹಿರೇಕೆರೂರಿನ ಆ ಹಳೆಯ ಮನೆಯ ಪಡಸಾಲೆಯ ನಟ್ಟನಡುವೆ ಸಿಮೆಂಟು ಇಟ್ಟಿಗೆಯ ಗೋಡೆ ಎದ್ದು, ಬಲಕ್ಕೆ ಹಿರಿಮಗ ಶರಣು, ಎಡಕ್ಕೆ ಕಿರಿಮಗ ಲೋಹಿತ ಎಂದಾಗಿತ್ತು. ಶರಣುವಿನದು ಗೋವಿನಜೋಳದ ದಲಾಲಿ, ಲೋಹಿತನದು ಬೀಜ-ಗೊಬ್ಬರದ ಅಂಗಡಿ. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ, ಆದರೆ ಒಬ್ಬರ ಮನೆಯ ಕುಕ್ಕರು ಎಷ್ಟು ಸಲ ಕೂಗಿತು ಎಂಬುದು ಇನ್ನೊಬ್ಬರಿಗೆ ತಪ್ಪದೆ ಗೊತ್ತಿರುತ್ತಿತ್ತು.

ಪಾಲು ಮಾಡಿದವನು ತಂದೆ ಕರಿಬಸಪ್ಪನೇ. ಈ ಕಡೆ ಮಾಸೂರಿನಿಂದ ಹಿಡಿದು ಆ ಕಡೆ ಸವಣೂರು ತಾಲೂಕಿನ ಹತ್ತಿಮತ್ತೂರಿನವರೆಗೆ, ಅಣ್ಣತಮ್ಮಂದಿರು ಬೇರೆಯಾಗುವುದಿದ್ದರೆ ಜನ ಅವನನ್ನು ಕರೆಯುತ್ತಿದ್ದರು. ಹೊಲ, ಬಾವಿ, ಎತ್ತು, ಬಣವೆ, ಬೀಸುವ ಕಲ್ಲು, ಏನೇ ಇರಲಿ, ಸಮ ಮಾಡಿ ಕೊಟ್ಟು, ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು ಬರುತ್ತಿದ್ದ. ತಾನು ಮಾಡಿದ ಪಾಲಿನ ಮೇಲೆ ಒಬ್ಬನಾದರೂ ತಕರಾರು ತೆಗೆದಿಲ್ಲ ಎಂಬುದು ಅವನ ಜಂಬ. ಸ್ವಂತ ಮನೆಯನ್ನೂ ಅದೇ ಜಂಬದಿಂದ ಹಂಚಿದ. ಎಲ್ಲ ಮುಗಿದ ಮೇಲೆ ಗಂಡ ಹೆಂಡತಿ ಇಬ್ಬರು ಉಳಿದರು. ಅದನ್ನೂ ಸಮ ಮಾಡಿದ: ಹೆಂಡತಿ ಹಾಲವ್ವ ಹಿರಿಯನ ಕಡೆ, ತಾನು ಕಿರಿಯನ ಕಡೆ. ಹಾಲವ್ವನನ್ನು ಯಾರೂ ಕೇಳಲಿಲ್ಲ. ಹಿತ್ತಲು ಮತ್ತು ಬಚ್ಚಲು ಮಾತ್ರ ಎರಡೂ ಮನೆಗೆ ಕೂಡಿ ಇದ್ದವು. ಮದುವೆಯಾಗಿ ನಾಲ್ಕು ದಶಕ ಕಳೆದ ಗಂಡ ಹೆಂಡತಿ ಈಗ ನೀರಿನ ತೊಟ್ಟಿಯ ಹತ್ತಿರ ಭೆಟ್ಟಿಯಾಗುತ್ತಿದ್ದರು.

ಊಟ ಮಾಡಿದ ಮೇಲೆ ಹಾಲವ್ವನಿಗೆ ಬಲಪಕ್ಕೆಯಲ್ಲಿ ಹಿಡಿದುಕೊಳ್ಳತೊಡಗಿ ತಿಂಗಳುಗಳೇ ಆಗಿದ್ದವು. ಶರಣು ಗ್ಯಾಸ್ ಅಂದ. ಲೋಹಿತ, ಅತ್ತಿಗೆ ನೇತ್ರಾ ಒಗ್ಗರಣೆಗೆ ಎಣ್ಣೆ ಸುರಿಯುವುದೇ ಕಾರಣ ಅಂದ. ಆ ಮಾತು ನೇತ್ರಾಳ ಕಿವಿಗೆ ಬಿತ್ತು. ಆ ದಿನ ಅವಳು ಹಿತ್ತಲಲ್ಲಿ ಪಾತ್ರೆ ತಿಕ್ಕಿದ ಸದ್ದು ಬಸ್ ಸ್ಟ್ಯಾಂಡಿನವರೆಗೂ ಕೇಳಿಸಿರಬೇಕು. ಕರಿಬಸಪ್ಪ ಹೆಂಡತಿಗೆ ಜೀರಿಗೆ ನೀರು ಕುಡಿಯಲು ಹೇಳಿ ತನ್ನ ಕೆಲಸ ಮುಗಿಯಿತು ಎಂದುಕೊಂಡ. ಕೊನೆಗೆ ಒಂದು ಮಧ್ಯಾಹ್ನ ಹಾಲವ್ವ ತಾಟಿನ ಮುಂದೆಯೇ ಮುದುಡಿ ಬಿದ್ದಾಗ, ನೇತ್ರಾ ಯಾರನ್ನೂ ಕೇಳದೆ ಆಟೋ ಕರೆಸಿ ಸ್ಕ್ಯಾನಿಂಗಿಗೆ ಒಯ್ದಳು. ಪಿತ್ತಕೋಶದಲ್ಲಿ ಕಲ್ಲುಗಳಿದ್ದವು. ಕಲ್ಲಿನ ಜೊತೆಗೆ ಒಳಗೋಡೆಗೆ ಅಂಟಿಕೊಂಡು ಇನ್ನೇನೋ ಇತ್ತು. ತಡ ಮಾಡದೆ ಹಾವೇರಿಗೆ ಹೋಗಿ ಅಂದರು.

ಹಾವೇರಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಡಾಕ್ಟರ್ ನೀಲಾಂಬಿಕಾ ಆಪರೇಷನ್ ಮಾಡಿದರು. ಖರ್ಚು ಅರ್ಧ ಅರ್ಧ ಎಂದು ಗೋಡೆಯ ಎರಡೂ ಬದಿಯವರು ಒಪ್ಪಿಕೊಂಡಿದ್ದರಿಂದ ಹೊರಗಿನ ಬೆಂಚಿನ ಮೇಲೆ ಅಣ್ಣತಮ್ಮಂದಿರು ಇಬ್ಬರೂ ಹಾಜರಿದ್ದರು. ಡಾಕ್ಟರ್ ಹೊರಗೆ ಬಂದಾಗ ಅವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿಯಿತ್ತು. ಅದರೊಳಗೆ ಘಾಟು ವಾಸನೆಯ ನೀರು, ನೀರಿನಲ್ಲಿ ಬಾಡಿದ ಬದನೆಕಾಯಿಯಂಥ ಒಂದು ಚೀಲ.

"ಕಲ್ಲು ದೊಡ್ಡ ಮಾತಲ್ರಿ," ಅಂದರು ನೀಲಾಂಬಿಕಾ. "ಒಳಗ ಹೂಕೋಸಿನ ತುಣುಕಿನಂಗ ಒಂದು ಗಡ್ಡಿ ಬೆಳದೈತಿ. ಇಂಥಾದ್ದು ಭಾಳ ಅಪರೂಪ. ಕ್ಯಾನ್ಸರ್ ಅಂತ ನಾ ಹೇಳಾಕತ್ತಿಲ್ಲ. ಕ್ಯಾನ್ಸರ್ ಆಗೂದಕ್ಕಿಂತ ಮೊದಲಿನ ಗಡ್ಡಿ ಇರಬಹುದು."

ಆಮೇಲೆ ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಗಡ್ಡೆ ಒಳಪೊರೆಯ ಮೇಲಷ್ಟೇ ನಿಂತಿದ್ದರೆ, ಪಿತ್ತಕೋಶ ಹೊರಗೆ ಬಂದಿದೆ, ಅಲ್ಲಿಗೆ ಮುಗಿಯಿತು, ತಾಯಿ ಆರಾಮಾಗುತ್ತಾರೆ. ಅದರ ಬೇರು ಗೋಡೆಯೊಳಕ್ಕೆ ಇಳಿದಿದ್ದರೆ ಅದು ಆಗಲೇ ಕ್ಯಾನ್ಸರ್. ಆಗ ಬೇಗನೆ ಇನ್ನೊಂದು ಆಪರೇಷನ್ ಮಾಡಿ, ಪಕ್ಕದಲ್ಲಿರುವ ಲಿವರಿನ ಒಂದಿಷ್ಟು ಭಾಗವನ್ನೂ ತೆಗೆಯಬೇಕು. ಎರಡರಲ್ಲಿ ಯಾವುದು ಎಂಬುದು ಬರಿಗಣ್ಣಿಗೆ ಕಾಣುವುದಿಲ್ಲ. ಲ್ಯಾಬಿನ ಪೆಥಾಲಜಿಸ್ಟ್ ಇಡೀ ಚೀಲವನ್ನು ಅಂಚಿನಿಂದ ಅಂಚಿಗೆ ತೆಳ್ಳಗೆ ಸೀಳಿ, ಗಡ್ಡೆಯ ಬುಡವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿಯೇ ಹೇಳಬೇಕು. ಆ ಆಸ್ಪತ್ರೆಯಲ್ಲಿ ಅಂಥ ಲ್ಯಾಬ್ ಇರಲಿಲ್ಲ. ಡಬ್ಬಿಯನ್ನು ಮನೆಯವರೇ ಒಯ್ದು ಮುಟ್ಟಿಸುವುದು ಅಲ್ಲಿನ ರೂಢಿ.

"ಡಬ್ಬಿ ತೆರೀಬ್ಯಾಡ್ರಿ. ಹೆಂಗೈತಿ ಹಂಗ ಒಂದು ಲ್ಯಾಬಿಗೆ ಕೊಡ್ರಿ," ಅಂದು ಅವರು ಒಳಗೆ ಹೋದರು.

ಅವರ ಬೆನ್ನ ಹಿಂದೆ ಬಾಗಿಲು ಮುಚ್ಚಿತೋ ಇಲ್ಲವೋ, ಶುರುವಾಯಿತು. ಶರಣು ದಾವಣಗೆರೆ ಅಂದ. ನೇತ್ರಾಳ ತವರಿನ ಕಡೆಯವರ ಪರಿಚಯದ ಲ್ಯಾಬ್ ಅಲ್ಲಿತ್ತು. ಲೋಹಿತ ಹುಬ್ಬಳ್ಳಿ ಅಂದ. ತಾಯಿ ಅಣ್ಣನ ಪಾಲಿನಲ್ಲಿದ್ದಳಷ್ಟೆ. ದೊಡ್ಡ ರೋಗ ಎಂದು ಬರೆಸಿ ತಂದು, ಅವಳ ಭಾರವನ್ನು ತನ್ನ ಕಡೆ ದಬ್ಬುವ ಹುನ್ನಾರ ಇದು ಎಂದು ಲೋಹಿತನ ಅನುಮಾನ. ತಮ್ಮ ಏನೂ ಇಲ್ಲ ಎಂದು ಬರೆಸಿ ತಂದು ಕೈತೊಳೆದುಕೊಳ್ಳುತ್ತಾನೆ ಎಂದು ಶರಣುವಿನ ಅನುಮಾನ. ಒಳಗೆ ಹಾಲವ್ವನಿಗೆ ಇನ್ನೂ ಎಚ್ಚರವಾಗಿರಲಿಲ್ಲ. ನೇತ್ರಾ ಔಷಧಿ ತರಲು ಕೆಳಗೆ ಹೋಗಿದ್ದಳು, ಇಲ್ಲದಿದ್ದರೆ ಆಗಲೇ ಇಬ್ಬರಿಗೂ ಬುದ್ಧಿ ಹೇಳುತ್ತಿದ್ದಳೇನೋ. ಅವಳು ಅತ್ತೆಯ ಹತ್ತಿರ ಉಳಿದಳು, ಇವರಿಬ್ಬರೂ ಡಬ್ಬಿಯನ್ನು ಹಿಡಿದುಕೊಂಡು ಊರಿಗೆ ಬಂದರು. ಯಾರ ಮನೆಯೊಳಗೆ ಇಡಬೇಕು ಎಂಬುದಕ್ಕೂ ತಕರಾರು ಬಂದು ಅದನ್ನು ಹಿತ್ತಲಲ್ಲಿ ತೊಟ್ಟಿಯ ದಂಡೆಯ ಮೇಲೆ ಇಟ್ಟರು.

ಕರಿಬಸಪ್ಪ ಇಬ್ಬರ ಮಾತನ್ನೂ ಕೇಳಿದ. ಪಂಚಾಯ್ತಿಗೆ ಕುಳಿತಾಗ ಕೇಳುತ್ತಿದ್ದ ಹಾಗೆಯೇ, ಕಣ್ಣು ಮುಚ್ಚಿ, ರುಮಾಲು ತೊಡೆಯ ಮೇಲಿಟ್ಟುಕೊಂಡು ಕೇಳಿದ. ಆಮೇಲೆ ತೀರ್ಪು ಕೊಟ್ಟ.

"ಅದಕ್ಯಾಕ ಜಗಳಾ? ಅರ್ಧಾ ನಿನಗ, ಅರ್ಧಾ ಅವಗ. ನೀ ನಿನ್ನ ಲ್ಯಾಬಿಗೆ ಒಯ್ಯಿ, ಅವ ತನ್ನ ಲ್ಯಾಬಿಗೆ ಒಯ್ಯಲಿ. ಎರಡೂ ಕಡೆ ಒಂದ ಬಂದ್ರ ಖರೆ ಅಂತ ತಿಳಿಯೂದು."

ಅಣ್ಣತಮ್ಮಂದಿರಿಗೆ ಇದು ಎಷ್ಟು ಸರಿಯೆನಿಸಿತೆಂದರೆ, ಇಬ್ಬರೂ ಒಂದೇ ಸಲಕ್ಕೆ ತಲೆಯಾಡಿಸಿದರು. ಖರ್ಚಿನ ಮಾತೊಂದು ಬಿಟ್ಟರೆ ಅವರು ಆ ವರ್ಷ ಒಮ್ಮತಕ್ಕೆ ಬಂದದ್ದು ಅದೇ ಮೊದಲು. ಲೋಹಿತನ ಹೆಂಡತಿ ಐಶ್ವರ್ಯ ಅಡುಗೆಮನೆಯ ಬಾಗಿಲಲ್ಲಿ ನಿಂತು, ಡಾಕ್ಟರ್ ಡಬ್ಬಿ ತೆರೆಯಬೇಡಿ ಅಂದಿದ್ದಾರಲ್ಲ ಎಂದು ಗಂಡನಿಗೆ ನೆನಪಿಸಿದಳು.

"ನೀ ಸುಮ್ನಿರವಾ," ಅಂದ ಕರಿಬಸಪ್ಪ. "ನಾ ಇಂಥಾವು ಎಷ್ಟು ಪಾಲು ಮಾಡೇನಿ."

ಇಂಥದ್ದನ್ನು ಅವನು ಎಂದೂ ಮಾಡಿರಲಿಲ್ಲ. ಹೊಸ ಬ್ಲೇಡು ತರಿಸಿದ. ಸ್ಟೀಲಿನ ತಾಟನ್ನು ತೊಳೆಸಿದ. ಮೂಗಿಗೆ ಟವೆಲ್ಲು ಕಟ್ಟಿಕೊಂಡು, ಘಾಟಿಗೆ ಕಣ್ಣೀರು ಸುರಿಸುತ್ತಾ, ಚೀಲದ ಉದ್ದವನ್ನು ನೂಲಿನಿಂದ ಅಳೆದು, ನೂಲನ್ನು ಮಡಚಿ ನಡು ಗುರುತಿಸಿ, ಅಡ್ಡಕ್ಕೆ ಕೊಯ್ದ. ಒಳಗಿದ್ದ ಕಲ್ಲುಗಳನ್ನೂ ಎರಡು ಗುಂಪು ಮಾಡಿದ. ಬೆಸ ಉಳಿದ ಒಂದನ್ನು ಹಿತ್ತಲಿಗೆ ಎಸೆದ. ಡಬ್ಬಿಯ ನೀರನ್ನೂ ಹಂಚಿ, ಅರ್ಧವನ್ನು ತೊಳೆದ ಉಪ್ಪಿನಕಾಯಿ ಬಾಟಲಿಗೆ ಹಾಕಿದ. ಎರಡರಲ್ಲೂ ಕಡಿಮೆ ಬಿದ್ದದ್ದಕ್ಕೆ ತೊಟ್ಟಿಯ ನೀರನ್ನು ಸಮನಾಗಿ ಬೆರೆಸಿದ. ಮರುದಿನ ಮುಂಜಾನೆ ಒಬ್ಬ ಮಗ ದಾವಣಗೆರೆಯ ಬಸ್ಸು ಹತ್ತಿದ, ಇನ್ನೊಬ್ಬ ಹುಬ್ಬಳ್ಳಿಗೆ ಹೊರಟ. ಲ್ಯಾಬಿನಲ್ಲಿ ಕೇಳಿದವರಿಗೆ ಇಬ್ಬರೂ ಆಸ್ಪತ್ರೆಯವರು ಕೊಟ್ಟದ್ದೇ ಇಷ್ಟು ಅಂದರು.

ಹಾಲವ್ವ ಮನೆಗೆ ಬಂದಳು. ಎಣ್ಣೆ, ಕೊಬ್ಬರಿ, ಶೇಂಗಾ ಚಟ್ನಿ ಎಲ್ಲ ಬಂದ್. ನೇತ್ರಾ ಗಂಜಿ ಕೊಟ್ಟರೆ ಉಪ್ಪಿಲ್ಲ, ಉಪ್ಪು ಹಾಕಿದರೆ ಹುಳಿಯಿಲ್ಲ. ಇದಕ್ಕಿಂತ ದವಾಖಾನೆಯ ಅನ್ನ ಚಲೋ ಇತ್ತು ಎಂದು ಹಾಲವ್ವ ತಾಟು ಸರಿಸುತ್ತಿದ್ದಳು. ಗೋಡೆಯ ಆ ಬದಿಯಲ್ಲಿ ಕರಿಬಸಪ್ಪನಿಗೆ ಅದೇ ವಾರ ಮೆಣಸಿನಕಾಯಿ ಬಜ್ಜಿ ತಿನ್ನುವ ಆಸೆಯಾಯಿತು. ಕರಿದ ವಾಸನೆ ಗೋಡೆಯನ್ನು ಏರಿ ಬಂತು. ನೇತ್ರಾ ಹಿತ್ತಲಿಗೆ ಹೋಗಿ ಓರಗಿತ್ತಿಯ ಜೊತೆ ಜಗಳ ತೆಗೆದಳು. ಐಶ್ವರ್ಯಳಿಗೂ ರೇಗಿತು. ಈ ಮುದುಕನಿಗೆ ಬಜ್ಜಿ ಕರಿಯುವುದು ತನಗೇನು ಸುಖವೇ, ಬೇಕಿದ್ದರೆ ನೀವೇ ಇಟ್ಟುಕೊಳ್ಳಿ ಅಂದಳು. ಹೀಗೆ ಎರಡು ವಾರ ಕಳೆಯಿತು.

ರಿಪೋರ್ಟುಗಳು ಹೆಚ್ಚು ಕಡಿಮೆ ಒಟ್ಟಿಗೇ ಬಂದವು. ದಾವಣಗೆರೆಯದರಲ್ಲಿ ಕಲ್ಲಿನಿಂದಾದ ಬಾವು, ಬೇರೇನೂ ಇಲ್ಲ ಎಂದಿತ್ತು. ಹುಬ್ಬಳ್ಳಿಯದರಲ್ಲಿ ಪಿತ್ತಕೋಶದೊಳಗೆ ಅಪರೂಪಕ್ಕೆ ಬೆಳೆಯುವ ಕ್ಯಾನ್ಸರ್-ಪೂರ್ವದ ಗಡ್ಡೆ, ಅದರ ಬುಡ ಕೊಯ್ದುಹೋಗಿದೆ, ಗೋಡೆಗೆ ಇಳಿದಿದೆಯೇ ಇಲ್ಲವೇ ಹೇಳಲಾಗದು ಎಂದಿತ್ತು. ಶರಣು ತನ್ನ ಕಾಗದವನ್ನು ಜೇಬಿಗಿಟ್ಟುಕೊಂಡು ಅಂಗಡಿಗೆ ಹೋದ. ಗೋವಿನಜೋಳದ ಸುಗ್ಗಿ, ಲಾರಿಗಳು ಕಾಯುತ್ತಿದ್ದವು. ಏನೂ ಇಲ್ಲವೆಂದು ಬರೆಸಿ ತರುತ್ತಾನೆ ಎಂದು ಯಾರ ಮೇಲೆ ಅನುಮಾನವಿತ್ತೋ ಆ ಲೋಹಿತನ ಕೈಯಲ್ಲೇ ಕೆಟ್ಟ ಸುದ್ದಿ ಬಂದು ಕುಳಿತಿತ್ತು. ಅವನು ಓದಿ, ಐಶ್ವರ್ಯಳಿಂದ ಇನ್ನೊಮ್ಮೆ ಓದಿಸಿ, ತಂದೆಯ ಮುಂದೆ ಬಂದು ನಿಂತ.

"ಅಪ್ಪಾ, ಇದೆಂಥಾ ಪಾಲು ಮಾಡಿದಿ? ಚಲೋ ಭಾಗ ಅಣ್ಣಗ, ಕೆಟ್ಟ ಭಾಗ ನನಗ."

ಕರಿಬಸಪ್ಪನ ಜೀವಮಾನದಲ್ಲಿ ಅವನ ಪಾಲಿನ ಮೇಲೆ ಬಂದ ಮೊದಲ ತಕರಾರು ಅದು. ಹೆಂಡತಿಯ ಹೊಟ್ಟೆಯಲ್ಲಿ ಏನಿತ್ತು ಎಂಬುದನ್ನು ಅವನು ಕೇಳಲಿಲ್ಲ. ನೂಲಿನಿಂದ ಅಳೆದೇ ಕೊಯ್ದೆ, ಯಾರನ್ನು ಬೇಕಾದರೂ ಕೇಳು ಎಂದು ಕೂಗಾಡಿದ. ಮಗ ಇನ್ನೂ ಜೋರಾಗಿ ಕೂಗಿದ. ಇಟ್ಟಿಗೆ ಗೋಡೆಗೆ ಅಷ್ಟು ದಪ್ಪವೆಲ್ಲಿ? ಹಾಸಿಗೆಯಲ್ಲಿ ಮಲಗಿದ್ದ ಹಾಲವ್ವ ಮೊದಲು ಹೊಲದ ಮಾತು ಅಂದುಕೊಂಡಳು. ಬರಬರುತ್ತಾ, ಅದು ತನ್ನ ಮಾತು ಎಂದು ತಿಳಿಯಿತು.

ನೇತ್ರಾ ರೊಟ್ಟಿ ಬಡಿಯುತ್ತಿದ್ದಳು. ಅವಳಿಗೂ ಗಂಡ, ಡಬ್ಬಿ ಲ್ಯಾಬಿಗೆ ಕೊಟ್ಟಾಯಿತು ಎಂದಷ್ಟೇ ಹೇಳಿದ್ದ. ಉಳಿದದ್ದು ಐಶ್ವರ್ಯ ಆ ಮುಂಜಾನೆ ಹಿತ್ತಲಲ್ಲಿ ಅತ್ತುಕೊಂಡು ಹೇಳಿದ್ದಳು. ಅತ್ತೆ ಕೇಳಿದಾಗ ನೇತ್ರಾ ಮುಚ್ಚಿಡಲಿಲ್ಲ. ಹಂಚಿನ ಮೇಲಿನ ರೊಟ್ಟಿ ಕರಕಾಗುವವರೆಗೆ ಎಲ್ಲವನ್ನೂ ಹೇಳಿದಳು. ಹಾಲವ್ವ ಗೋಡೆ ಹಿಡಿದುಕೊಂಡು ಎದ್ದು ಹಿತ್ತಲಿಗೆ ಹೋದಳು. ಕರಿಬಸಪ್ಪ ತೊಟ್ಟಿಯ ಹತ್ತಿರ ಕಾಲು ತೊಳೆಯುತ್ತಿದ್ದ.

"ನನ್ನ ಪಿತ್ತಕೋಶ ಹರದು ಹಂಚಿದ್ರಂತ, ಖರೇ ಏನ್ರಿ?"

"ಹರದಿಲ್ಲ. ಬ್ಲೇಡಿಲೆ ಸಮಾ ಕೊಯ್ದೇನಿ. ಒಬ್ಬಗ ಹೆಚ್ಚು, ಒಬ್ಬಗ ಕಮ್ಮಿ ಮಾಡಿಲ್ಲ."

"ನನಗೊಂದು ಮಾತು ಕೇಳಬೇಕು ಅನಸ್ಲಿಲ್ಲೇನು?"

"ನೀ ದವಾಖಾನ್ಯಾಗಿದ್ದಿ."

"ಮನಿ ಪಾಲು ಮಾಡಿದಾಗ ನಾ ಮನ್ಯಾಗ ಇದ್ನಲ್ರಿ. ಆವಾಗ ಕೇಳಿದ್ರೇನು?"

ಕರಿಬಸಪ್ಪ ತೊಳೆದ ಕಾಲನ್ನೇ ಮತ್ತೊಮ್ಮೆ ತೊಳೆದ. ಹಾಲವ್ವನಿಗೆ ರೋಗದ ಭಯಕ್ಕಿಂತ ಸಿಟ್ಟು ಹೆಚ್ಚಾಗಿತ್ತು. ಇಷ್ಟು ವರ್ಷ ಈ ಮನುಷ್ಯನ ನ್ಯಾಯವನ್ನು ಊರವರ ಮುಂದೆ ಹೊಗಳಿಕೊಂಡು ತಿರುಗಿದವಳು ತಾನೇ ಎಂಬುದು ನೆನಪಾಗಿ, ತನ್ನ ಮೇಲೆಯೇ ಇನ್ನಷ್ಟು ಸಿಟ್ಟು ಬಂತು. ಅಂದಿನಿಂದ ಅವಳು ಅವನ ಜೊತೆ ಮಾತು ಬಿಟ್ಟಳು.

ನೇತ್ರಾ ಎರಡೂ ರಿಪೋರ್ಟುಗಳನ್ನು ತಾನೇ ಇಸಿದುಕೊಂಡು, ಗಂಡನನ್ನೂ ಮೈದುನನನ್ನೂ ಕರೆದುಕೊಂಡು ಹಾವೇರಿಗೆ ಹೋದಳು. ನೀಲಾಂಬಿಕಾ ಒಂದು ಕಾಗದ ಓದಿದರು, ಇನ್ನೊಂದನ್ನು ಓದಿದರು, ಮತ್ತೆ ಮೊದಲನೆಯದನ್ನು ತೆಗೆದುಕೊಂಡರು. ನಡೆದದ್ದನ್ನು ನೇತ್ರಾ ಹೇಳಿದಾಗ ಎರಡನ್ನೂ ಮೇಜಿನ ಮೇಲೆ ಇಟ್ಟರು.

"ಇದೇನು ಹೊಲ ಅಂತ ತಿಳಕೊಂಡ್ರೇನ್ರಿ, ನಡುವ ಬದು ಹಾಕಾಕ?" ಅಂದರು.

ಶರಣು, ಅಪ್ಪ ಹೇಳಿದರು ಅಂದ. ಲೋಹಿತ, ಅಣ್ಣ ಒಪ್ಪಿದ ಅಂದ. ನೇತ್ರಾ ಇಬ್ಬರಿಗೂ ಬಾಯಿ ಮುಚ್ಚಿಕೊಳ್ಳಲು ಹೇಳಿದಳು. ಗಂಡನಿಗೆ ಅವಳು ಹೊರಗಿನವರ ಮುಂದೆ ಹಾಗೆ ಹೇಳಿದ್ದು ಅದೇ ಮೊದಲು. ಲ್ಯಾಬಿನವರು ಮಾಂಸದ ಚೂರುಗಳನ್ನು ಮೇಣದ ಅಚ್ಚಿನಲ್ಲಿ ಕೂಡಿಸಿ ಇಟ್ಟುಕೊಂಡಿರುತ್ತಾರೆ, ಎರಡೂ ಕಡೆಯಿಂದ ಅವನ್ನೂ ಉಳಿದ ತುಂಡನ್ನೂ ಬಿಡಿಸಿಕೊಂಡು ಬಂದು ಒಬ್ಬರೇ ಹಿರಿಯ ಪೆಥಾಲಜಿಸ್ಟರ ಮುಂದೆ ಇಡಬೇಕು, ಈಗ ಉಳಿದಿರುವುದು ಅದೊಂದೇ ಉಪಾಯ ಎಂದು ಡಾಕ್ಟರ್ ಚೀಟಿ ಬರೆದುಕೊಟ್ಟರು. ಇಬ್ಬರೂ ಕೂಡಿಯೇ ಹೋಗಬೇಕು ಎಂದು ಶರತ್ತು ಹಾಕಿದರು. ಅಣ್ಣತಮ್ಮಂದಿರು ಮೊದಲು ದಾವಣಗೆರೆಗೆ ಹೋದರು, ಅಲ್ಲಿಂದ ಹುಬ್ಬಳ್ಳಿಗೆ ಬಂದು ಎಲ್ಲವನ್ನೂ ಅಲ್ಲಿನ ಹಿರಿಯ ಪೆಥಾಲಜಿಸ್ಟರಿಗೆ ಒಪ್ಪಿಸಿದರು. ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕುಳಿತು ಇಬ್ಬರೂ ಕಿಟಕಿಯಾಚೆ ನೋಡಿದರು. ಹುಬ್ಬಳ್ಳಿಯಲ್ಲಿ ಹಸಿವಾಗಿ ಒಂದೇ ಖಾನಾವಳಿಗೆ ಹೋಗಿ, ಬೇರೆ ಬೇರೆ ಬಿಲ್ಲು ಮಾಡಿಸಿದರು.

ಉತ್ತರ ಬರಲು ಇನ್ನೊಂದಿಷ್ಟು ದಿನ ಹಿಡಿಯಿತು. ಆ ದಿನಗಳಲ್ಲಿ ಹಾಲವ್ವ ಗಂಜಿಗೆ ತಕರಾರು ಮಾಡುವುದನ್ನೂ ಬಿಟ್ಟಳು. ಬೈದಿದ್ದರೇ ಚೆನ್ನಾಗಿತ್ತು ಎಂದು ನೇತ್ರಾಳಿಗೆ ಅನಿಸಿತು. ಸಂಜೆ ಐಶ್ವರ್ಯ ಹಿತ್ತಲಿನಿಂದ ಬಂದು ಅತ್ತೆಯ ತಲೆ ಬಾಚಿ ಹೋಗುತ್ತಿದ್ದಳು. ಗಂಡಸರು ಅಂಗಡಿಯಿಂದ ಬರುವುದರೊಳಗೆ ಎರಡು ಮನೆಯ ಹೆಂಗಸರು ಒಂದೇ ಒಲೆಯಲ್ಲಿ ಚಹಾ ಮಾಡಿ ಕುಡಿಯುತ್ತಿದ್ದರು. ಶರಣು ಅವ್ವನ ಹತ್ತಿರ ಹೋಗಿ ಏನಾದರೂ ಹೇಳಬೇಕು ಎಂದು ಬಾಗಿಲವರೆಗೆ ಬರುತ್ತಿದ್ದ, ಗುಳಿಗೆ ತಗೊಂಡ್ಯಾ ಎಂದು ಕೇಳಿ ವಾಪಸು ಹೋಗುತ್ತಿದ್ದ.

ಈ ಸಲ ಡಾಕ್ಟರ ಹತ್ತಿರ ತಾನೂ ಬರುತ್ತೇನೆ ಅಂದಳು ಹಾಲವ್ವ. ದಣಿವಾಗುತ್ತದೆ, ನಾವು ಹೋಗಿ ಕೇಳಿಕೊಂಡು ಬರುತ್ತೇವೆ ಅಂದರು ಮಕ್ಕಳು. ಅವಳು ಸೀರೆ ಬದಲಿಸಿ ಹೊರಗೆ ಬಂದು ನಿಂತಳು. ಹೀಗಾಗಿ ಎಲ್ಲರೂ ಒಂದು ಗಾಡಿ ಮಾಡಿಕೊಂಡು ಹೊರಟರು. ಕರಿಬಸಪ್ಪನನ್ನು ಯಾರೂ ಕರೆಯಲಿಲ್ಲ, ಅವನೇ ಹತ್ತಿ ಮುಂದೆ ಡ್ರೈವರನ ಪಕ್ಕ ಕುಳಿತ.

ನೀಲಾಂಬಿಕಾ ಹಾಲವ್ವನನ್ನು ಎದುರಿಗೆ ಕೂಡಿಸಿಕೊಂಡು ನೇರವಾಗಿ ಅವಳಿಗೇ ಹೇಳಿದರು. ಎರಡೂ ಭಾಗ ಜೋಡಿಸಿ ನೋಡಿದ್ದಾರೆ. ನೋಡಿದಷ್ಟರ ಮಟ್ಟಿಗೆ ಗಡ್ಡೆ ಕ್ಯಾನ್ಸರ್ ಆಗಿಲ್ಲ. ಆದರೆ ಬ್ಲೇಡು ಸರಿಯಾಗಿ ಗಡ್ಡೆಯ ಬುಡದ ಮೇಲೆಯೇ ಹಾದುಹೋಗಿದೆ. ಆಚೆ ಭಾಗಕ್ಕೆ ಹೋದ ಚೂರನ್ನು ದಾವಣಗೆರೆಯವರು ಬರೀ ಬಾವು ಅಂದುಕೊಂಡಿದ್ದರು. ಮಾಂಸ ಕೊಳೆಯದಂತೆ ಇಡುವ ಔಷಧಿಗೆ ನೀರು ಬೆರೆಸಿದ್ದರಿಂದ ಕೊಯ್ದ ಅಂಚು ಎರಡೂ ಕಡೆ ಕೆಟ್ಟುಹೋಗಿದೆ. ಬೇರು ಇಳಿದಿದ್ದರೆ ಇಳಿಯುತ್ತಿದ್ದದ್ದು ಅದೇ ಜಾಗದಲ್ಲಿ. ಅಲ್ಲಿ ಏನಿತ್ತು ಎಂದು ಇನ್ನು ಯಾರೂ ಹೇಳಲಾರರು.

"ಇಡೀದು ಬಂದಿದ್ರ ಗೊತ್ತಾಕ್ಕಿತ್ತೇನ್ರಿ?" ಎಂದು ಹಾಲವ್ವ ಕೇಳಿದಳು.

ಡಾಕ್ಟರ್ ಒಂದು ಕ್ಷಣ ಮಕ್ಕಳ ಕಡೆ ನೋಡಿದರು. "ಗೊತ್ತಾಗ್ತಿತ್ತವ್ವಾ," ಅಂದರು.

ಈಗ ಎರಡು ದಾರಿ ಇವೆ ಅಂದರು. ಬೇರು ಇಳಿದಿದೆ ಎಂದೇ ಹಿಡಿದು ದೊಡ್ಡ ಆಸ್ಪತ್ರೆಯಲ್ಲಿ ಎರಡನೆಯ ಆಪರೇಷನ್ ಮಾಡಿಸುವುದು ಒಂದು. ಅದು ಸಣ್ಣದಲ್ಲ, ಈ ವಯಸ್ಸಿಗೆ ಅಪಾಯವೂ ಇದೆ, ಕೊನೆಗೆ ಬೇಕಾಗಿರಲೇ ಇಲ್ಲ ಎಂದೂ ಆಗಬಹುದು. ಇಲ್ಲವೇ ಮೂರು ತಿಂಗಳಿಗೊಮ್ಮೆ ತಪ್ಪದೆ ಸ್ಕ್ಯಾನಿಂಗ್ ಮಾಡಿಸುತ್ತಾ ಕಾಯುವುದು. ಒಂದು ಸಲವೂ ತಪ್ಪಿಸುವಂತಿಲ್ಲ. ಇಂಥದ್ದು ತಿರುಗಿ ಬಂದರೆ ಬೇಗ ಹಬ್ಬುತ್ತದೆ.

ಕಾಯುವುದೇ ಒಳ್ಳೆಯದು ಅಂದ ಶರಣು. ಲೋಹಿತನೂ ಹೌದು ಅಂದ. ಆದರೆ ಸುಗ್ಗಿಯಲ್ಲಿ ತನಗೆ ಬಿಡುವಿರುವುದಿಲ್ಲ, ಆಗ ತಮ್ಮನೇ ಕರೆತರಬೇಕು ಎಂದು ಶರಣು ಸೇರಿಸಿದ. ಬಿತ್ತನೆಯ ಹೊತ್ತಿಗೆ ಅಂಗಡಿ ಬಿಟ್ಟು ಬರಲಾಗದು ಎಂದು ಲೋಹಿತ ಅಂದ. ಬಾಗಿಲ ಹತ್ತಿರ ಕುರ್ಚಿಯ ಮೇಲೆ ಕುಳಿತಿದ್ದ ಕರಿಬಸಪ್ಪ ಕೆಮ್ಮಿ ಗಂಟಲು ಸರಿ ಮಾಡಿಕೊಂಡ.

"ಮೂರು ತಿಂಗಳಿಗೊಮ್ಮಿ ಅಂದ್ರ ವರ್ಷಕ್ಕ ನಾಕು. ಎರಡು ಹಿರ್ಯಾಗ, ಎರಡು ಕಿರ್ಯಾಗ..."

ನೇತ್ರಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹಾಲವ್ವ ತಿರುಗಿ ಸಹ ನೋಡಲಿಲ್ಲ. ಎರಡೂ ಕೈಯನ್ನು ಡಾಕ್ಟರ ಮೇಜಿನ ಮೇಲೆ ಇಟ್ಟಳು.

"ಆಪರೇಷನ್ ಮಾಡಸ್ತೇನ್ರಿ," ಅಂದಳು. "ಇವರು ಜಗಳಾ ಮುಗಿಸಿ ನನ್ನ ಕರಕೊಂಡು ಬರೂದ್ರಾಗ ನಾ ಇರೂದಿಲ್ಲ. ಸತ್ರ ದವಾಖಾನ್ಯಾಗ ಸಾಯ್ತೇನಿ. ಆದರ ಒಂದು ಮಾತು. ಈ ಸಲ ತಗದದ್ದನ್ನ ನನ್ನ ಮಕ್ಕಳ ಕೈಯಾಗ ಕೊಡಬ್ಯಾಡ್ರಿ."

ಲೋಹಿತ ತಲೆ ತಗ್ಗಿಸಿದ. ಶರಣು ಅವ್ವಾ ಅಂದ. ದೊಡ್ಡ ಆಸ್ಪತ್ರೆಯಲ್ಲಿ ಲ್ಯಾಬ್ ಅಲ್ಲೇ ಇರುತ್ತದೆ, ಆದರೂ ಒಪ್ಪಿಗೆಯ ಸಹಿಗೆ ಮನೆಯವರ ಪೈಕಿ ಒಬ್ಬರ ಹೆಸರು ಬರೆಯಲೇಬೇಕು ಎಂದು ನೀಲಾಂಬಿಕಾ ಪೆನ್ನು ತೆಗೆದುಕೊಂಡರು. ಕರಿಬಸಪ್ಪ ರುಮಾಲು ಸರಿಪಡಿಸಿಕೊಂಡು ಕುರ್ಚಿಯಿಂದ ಅರ್ಧ ಎದ್ದ.

"ಯಜಮಾನರ ಹೆಸರು ಬರೀಲೇನವ್ವಾ?" ಎಂದು ಡಾಕ್ಟರ್ ಕೇಳಿದರು.

"ಅವರದಂತೂ ಮೊದಲ ಬ್ಯಾಡ್ರಿ," ಅಂದಳು ಹಾಲವ್ವ.